ಅವಳ ಹೆಸರೇನು? ಮಲೆನಾಡಿನ ಮರೆತ ಹೆಂಗಸರನ್ನು ಬರೆದಿಡುವ ಬಗೆ

ಈಸೂರಿನ ಕತೆ ಶಿವಮೊಗ್ಗ ಜಿಲ್ಲೆಯ ಶಾಲೆ ಮಕ್ಕಳಿಗೆಲ್ಲ ಗೊತ್ತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನುವ ಮಾತು ಎಲ್ಲರಿಗೂ ಬಾಯಿಪಾಠ. 1942ರಲ್ಲಿ ಶಿಕಾರಿಪುರ ತಾಲೂಕಿನ ಆ ಹಳ್ಳಿ ತಾನು ಸ್ವತಂತ್ರ ಅಂತ ಸಾರಿಕೊಂಡಿತು. 1943ರ ಮಾರ್ಚ್‌ನಲ್ಲಿ ಅಲ್ಲಿನ ಐದು ಜನ ಗಲ್ಲಿಗೇರಿದರು. ಅದೇ ಹೋರಾಟದಲ್ಲಿ ಹಾಲಮ್ಮ, ಸಿದ್ದಮ್ಮ, ಪಾರ್ವತಮ್ಮ ಅನ್ನುವ ಹೆಂಗಸರೂ ಜೈಲು ಕಂಡರು. ಈ ಮೂರು ಹೆಸರನ್ನು ಆಗಸ್ಟ್ 15ರ ಭಾಷಣದಲ್ಲಿ ನೀವು ಎಷ್ಟು ಸಲ ಕೇಳಿದ್ದೀರಿ?

ಕೆಳದಿ ಚೆನ್ನಮ್ಮನ ಹೆಸರು ನಮಗೆ ಮರೆತಿಲ್ಲ. ರಾಣಿಯರ ಹೆಸರು ಹೇಗೋ ಉಳಿಯುತ್ತದೆ. ಉಳಿಯದೇ ಹೋಗುವುದು ಗದ್ದೆ ಮಾಡಿದವಳದ್ದು, ಗಂಡ ಜೈಲಿನಲ್ಲಿದ್ದಾಗ ಮನೆ ನಡೆಸಿದವಳದ್ದು, ಅಕ್ಕಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ ಮೊದಲ ಸಲ ವೋಟು ಹಾಕಿಸಿದವಳದ್ದು. ನಾನು ಸುಮಾರು ಇಪ್ಪತ್ತು ವರ್ಷದಿಂದ ಬಿಡುವಾದಾಗಲೆಲ್ಲ ಸಾಗರ, ಹೊಸನಗರ, ಸೊರಬದ ಕಡೆಯ ಅಜ್ಜಿಯರ ಮಾತು ಬರೆದಿಟ್ಟುಕೊಳ್ಳುತ್ತಿದ್ದೇನೆ. ಈ ಕೆಲಸಕ್ಕೆ ಡಿಗ್ರಿ ಬೇಡ. ಒಂದು ನೋಟ್‌ಬುಕ್, ಒಂದು ಫೋನು ಮತ್ತು ಸಾಕಷ್ಟು ತಾಳ್ಮೆ ಇದ್ದರೆ ಆಯಿತು. ಹೇಗೆ ಶುರು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಹೆಸರು ಹುಡುಕಿ

ಇಡೀ ಜಿಲ್ಲೆಯ ಇತಿಹಾಸ ಬರೆಯಲು ಹೊರಡಬೇಡಿ. ನಿಮ್ಮ ಕೇರಿ ಸಾಕು. ಕೇರಿಯಲ್ಲಿ ಒಬ್ಬಳು ಸಾಕು. ಅವಳ ಪೂರ್ತಿ ಹೆಸರು ಸಿಗುವ ತನಕ ಮುಂದಿನ ಪ್ರಶ್ನೆಗೆ ಹೋಗಬೇಡಿ.

ಇದು ಸುಲಭ ಅಂದುಕೊಂಡಿದ್ದೀರಾ? ನಮ್ಮ ಕಡೆ ಮದುವೆಯಾಗಿ ಬಂದವಳನ್ನು ಅವಳ ತವರೂರಿನ ಹೆಸರಿನಿಂದ ಕರೆಯುವುದು ರೂಢಿ. ತುಮರಿ ಅತ್ತೆ, ಹೆಗ್ಗೋಡು ಚಿಕ್ಕಮ್ಮ, ನಿಟ್ಟೂರು ದೊಡ್ಡಮ್ಮ, ಹೀಗೆ. ಮೂರು ತಲೆಮಾರು ಹಾಗೆ ಕರೆದ ಮೇಲೆ ನಿಜವಾದ ಹೆಸರು ಮೊಮ್ಮಕ್ಕಳಿಗೂ ಗೊತ್ತಿರುವುದಿಲ್ಲ. ಇನ್ನು ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ಹೊಸ ಹೆಸರು ಇಡುತ್ತಿದ್ದರು. ಶಾಲೆಯ ರಿಜಿಸ್ಟರಿನಲ್ಲಿ ಒಬ್ಬಳು, ಪಹಣಿಯಲ್ಲಿ ಇನ್ನೊಬ್ಬಳು ಅನಿಸುತ್ತದೆ. ಇಬ್ಬರೂ ಒಬ್ಬಳೇ.

ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಪುಟ ಇಡಿ. ತವರಿನಲ್ಲಿ ಇಟ್ಟ ಹೆಸರು, ಗಂಡನ ಮನೆಯ ಹೆಸರು, ಊರು ಕರೆಯುವ ಹೆಸರು, ತವರೂರು, ಅಪ್ಪ ಅಮ್ಮನ ಹೆಸರು ಬರೆಯಿರಿ. ಅಮ್ಮನ ಹೆಸರನ್ನು ಬಿಡಬೇಡಿ. ಎಲ್ಲರೂ ಅಪ್ಪನ ಹೆಸರು ಕೇಳಿ ನಿಲ್ಲಿಸಿಬಿಡುತ್ತಾರೆ.

ಒಂದು ಮನೆಯ ಅಟ್ಟದ ಮೇಲೆ ಹಳೆಯ ಆಳಿನ ಲೆಕ್ಕದ ಪುಸ್ತಕ ಸಿಕ್ಕಿತ್ತು. ಹೊಗೆ ಹಿಡಿದು ಹಾಳೆ ಕಂದಾಗಿತ್ತು. ಗಂಡಸರದ್ದು ಒಬ್ಬೊಬ್ಬರ ಹೆಸರು, ಮುಂದೆ ಎಷ್ಟು ದಿನ ಅಂತ ಗೀಟು. ಅದರ ಕೆಳಗೆ ‘ಹೆಣ್ಣಾಳು 4’. ಮರುದಿನ ‘ಹೆಣ್ಣಾಳು 6’. ಪುಸ್ತಕ ಮುಗಿಯುವ ತನಕ ಹೀಗೇ. ಒಂದೇ ಒಂದು ಹೆಸರಿಲ್ಲ. ಆ ಪುಸ್ತಕ ಇಟ್ಟುಕೊಂಡು ಅವರ ಕೇರಿಗೆ ಹೋಗಿ ಕೂತೆ. ‘ಆಗ ದೊಡ್ಡ ಮನೆ ಕೆಲಸಕ್ಕೆ ಯಾರು ಯಾರು ಹೋಗ್ತಿದ್ರಿ’ ಅಂತ ಕೇಳಿದೆ. ಒಂದು ಮಧ್ಯಾಹ್ನದಲ್ಲಿ ಒಂಬತ್ತು ಹೆಸರು ಬಂದವು. ಅಂಕಿ ಸಿಕ್ಕಿದರೆ ಬಿಡಬೇಡಿ, ಅದರ ಹಿಂದೆ ಹೆಸರುಗಳಿರುತ್ತವೆ. ದೊಡ್ಡ ಮನೆಗಳಲ್ಲಿ ಕಾಗದ ಇರುತ್ತದೆ, ಕೇರಿಯಲ್ಲಿ ಇರುವುದಿಲ್ಲ. ಕಾಗದ ಇರುವ ಮನೆಗಳಿಗೆ ಮಾತ್ರ ಹೋದರೆ ಮತ್ತೆ ದೊಡ್ಡ ಮನೆಯ ಇತಿಹಾಸವನ್ನೇ ಬರೆದ ಹಾಗಾಗುತ್ತದೆ.

2. ಕೈ ಕೆಲಸದಲ್ಲಿರುವಾಗ ಮಾತಾಡಿಸಿ

ಜಗಲಿಯ ಮೇಲೆ ಕುರ್ಚಿ ಹಾಕಿ, ಮನೆಯ ಗಂಡಸರ ಎದುರಿಗೆ ಸಂದರ್ಶನ ಅಂತ ಶುರು ಮಾಡಿದರೆ ಮಾತು ಹೊರಡುವುದಿಲ್ಲ. ‘ನಂದೆಂತ ಇದೆ, ಅವರನ್ನೇ ಕೇಳಿ’ ಅಂದುಬಿಡುತ್ತಾರೆ. ಅವರು ಹೇಳತೊಡಗಿದ ಮೇಲೆ ಇವರು ಕಾಫಿ ತರಲು ಒಳಗೆ ಹೋಗುತ್ತಾರೆ.

ಅಡಿಕೆ ಕೊನೆಕೊಯ್ಲಿನ ಸಮಯದಲ್ಲಿ ಹೋಗಿ. ರಾತ್ರಿ ಅಡಿಕೆ ಸುಲಿಯುವ ಕಡೆ ನೀವೂ ಒಂದು ಮೂಲೆಯಲ್ಲಿ ಕೂತುಕೊಳ್ಳಿ. ಮೆಟ್ಟುಕತ್ತಿಯ ಮುಂದೆ ಸಾಲಾಗಿ ಕೂತವರ ಕಣ್ಣು ಅಡಿಕೆಯ ಮೇಲಿರುತ್ತದೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ, ಮಾತೂ ತನ್ನ ಪಾಡಿಗೆ ಬರುತ್ತದೆ. ಒಬ್ಬಳು ತಪ್ಪು ಹೇಳಿದರೆ ಇನ್ನೊಬ್ಬಳು ತಿದ್ದುತ್ತಾಳೆ. ‘ಅದು ನಿನ್ನ ಮದುವೆ ವರ್ಷ ಅಲ್ಲ, ನನ್ನ ಬಾಣಂತನದ ವರ್ಷ.’ ಯಾವ ದಾಖಲೆಗಿಂತಲೂ ಒಳ್ಳೆಯ ತಿದ್ದುಪಡಿ ಅದು. ಸದ್ದು ಜಾಸ್ತಿ ಇರುವುದರಿಂದ ರೆಕಾರ್ಡಿಂಗ್ ಅಷ್ಟು ಚೆನ್ನಾಗಿ ಆಗುವುದಿಲ್ಲ. ಮೊದಲ ದಿನ ಸುಮ್ನೆ ಕೇಳಿ. ಇನ್ನೊಂದು ದಿನ ಒಬ್ಬೊಬ್ಬರ ಹತ್ತಿರ ಕೂತು, ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ.

‘ಹೋರಾಟದಲ್ಲಿ ನಿಮ್ಮ ಪಾತ್ರ ಏನು’ ಅಂತ ಕೇಳಬೇಡಿ. ಅದು ಭಾಷಣದ ಪ್ರಶ್ನೆ. ದಿನದ ಕೆಲಸದಿಂದ ಶುರು ಮಾಡಿ. ಉದಾಹರಣೆಗೆ ಕಾಗೋಡು ಸತ್ಯಾಗ್ರಹ. 1951ರ ಏಪ್ರಿಲ್‌ನಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ದೀವರ ಸಮುದಾಯದ ಗೇಣಿದಾರರು ಎದ್ದು ನಿಂತರು. ಗೇಣಿ ಅಳೆಯುವ ಕೊಳಗದ ಅಳತೆಯೇ ಜಗಳದ ಮೂಲ. ಮುಂದಾಳು ಎಚ್. ಗಣಪತಿಯಪ್ಪನವರ ಹೆಸರು ಗೊತ್ತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದೂ ಗೊತ್ತು. ಹೆಂಗಸರೂ ಸತ್ಯಾಗ್ರಹಕ್ಕೆ ಇಳಿದಿದ್ದರು. ಅವರ ಬಗ್ಗೆ ತಿಳಿಯಬೇಕಾದರೆ ಹೀಗೆ ಕೇಳಿ: ಗಂಡಸರು ಜೈಲಿನಲ್ಲಿದ್ದಾಗ ಮಳೆ ಹಿಡಿಯಿತಲ್ಲ, ಆ ವರ್ಷ ಸಸಿ ಹಾಕಿದ್ದು ಯಾರು? ಮನೆಯಲ್ಲಿ ಅಕ್ಕಿ ಎಷ್ಟಿತ್ತು? ಪೊಲೀಸರು ಬಂದಾಗ ಬಾಗಿಲಲ್ಲಿ ನಿಂತದ್ದು ಯಾರು? ಕೊಟ್ಟಿಗೆ ಕೆಲಸ ಯಾರದ್ದಾಗಿತ್ತು? ಇವಕ್ಕೆ ಉತ್ತರವಾಗಿ ಬರುವುದೇ ಅವರ ಹೋರಾಟ.

ಸಾಗರದಿಂದ ಜೋಗದ ದಾರಿ ಹಿಡಿದು ಸಿದ್ದಾಪುರದ ಗಡಿ ದಾಟಿದರೆ ಮಾವಿನಗುಂಡಿ. ಅದು ಆಗ ಮುಂಬೈ ಪ್ರಾಂತ್ಯ. ಕರನಿರಾಕರಣೆ ಮಾಡಿದ ರೈತರ ಜಮೀನನ್ನು ಸರಕಾರ ಹರಾಜು ಹಾಕಿದಾಗ, 1932ರಲ್ಲಿ ಅಲ್ಲಿನ ಹೆಂಗಸರು ಆ ಜಮೀನು ಕೊಂಡವರ ಮನೆಯ ಮುಂದೆ ಉಪವಾಸ ಕೂತರು. ದಿನಾ ಆ ರಸ್ತೆಯಲ್ಲಿ ಜಲಪಾತ ನೋಡಲು ಹೋಗುವ ಕಾರುಗಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದ್ದೀತು? ನಿಮ್ಮ ನೆಂಟರು ಆ ಕಡೆ ಇದ್ದರೆ ಅಲ್ಲಿಂದಲೇ ಶುರು ಮಾಡಬಹುದು.

3. ಕೇಳಿದ ಮಾತನ್ನು ಹಾಗೇ ಬರೆಯಿರಿ

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಹೊಸನಗರದ ಕಡೆಯ ಒಬ್ಬ ಅಜ್ಜಿ 1952ರ ಮೊದಲ ಚುನಾವಣೆಯಲ್ಲಿ ವೋಟು ಹಾಕಿದ್ದರು. ‘ಗದ್ದೆ ದಾಟಿಕೊಂಡು ನಾವು ಏಳು ಜನ ಹೆಂಗಸರು ಹೋದ್ವಿ ಮಗಾ. ಕಾಗದ ಕೊಟ್ರು. ಒಳಗೆ ಹೋಗಿ ಮರದ ಪೆಟ್ಟಿಗೆಗೆ ಹಾಕಿ ಬಂದೆ’ ಅಂದರು. ನಾನು ನೋಟ್‌ಬುಕ್‌ನಲ್ಲಿ ‘ಮತಪೆಟ್ಟಿಗೆ ಮರದ್ದಾಗಿತ್ತು’ ಅಂತ ಬರೆದುಕೊಂಡೆ. ಮುಂದಿನ ಪ್ರಶ್ನೆಗೆ ಹೋದೆ.

ವರ್ಷಗಳಾದ ಮೇಲೆ ತಿಳಿಯಿತು. ಆ ಚುನಾವಣೆಯಲ್ಲಿ ಪೆಟ್ಟಿಗೆಗಳು ಹೆಚ್ಚಾಗಿ ಉಕ್ಕಿನವು. ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಚಿಹ್ನೆ. ಈಗಿನ ಹಾಗೆ ಗುರುತು ಒತ್ತುವುದಿರಲಿಲ್ಲ. ಯಾರಿಗೆ ಬೇಕೋ ಅವರ ಪೆಟ್ಟಿಗೆಗೆ ಕಾಗದ ಹಾಕಬೇಕಿತ್ತು. ಕಾಂಗ್ರೆಸ್ಸಿಗೆ ಜೋಡೆತ್ತು, ಸೋಷಲಿಸ್ಟರಿಗೆ ಆಲದ ಮರ. ಸಾಗರ–ಹೊಸನಗರ ಕ್ಷೇತ್ರದಲ್ಲಿ ಗೆದ್ದದ್ದು ಸೋಷಲಿಸ್ಟರ ಶಾಂತವೇರಿ ಗೋಪಾಲಗೌಡರು. ಅಜ್ಜಿ ಹೇಳಿದ್ದು ಮರದ ಚಿತ್ರ ಇದ್ದ ಪೆಟ್ಟಿಗೆ! ತಾನು ಯಾರಿಗೆ ವೋಟು ಹಾಕಿದೆ ಅನ್ನುವುದನ್ನು ಅವರು ನನಗೆ ನೇರವಾಗಿಯೇ ಹೇಳಿದ್ದರು. ಯಾಕೆ ಮರ, ಯಾಕೆ ಎತ್ತಲ್ಲ ಅಂತ ಕೇಳಬೇಕಿತ್ತು. ಮನೆಯವರು ಹೇಳಿದ್ದಕ್ಕೆ ಹಾಕಿದರೋ, ತಮ್ಮ ಮನಸ್ಸಿಗೆ ಬಂದದ್ದಕ್ಕೋ? ಆ ಏಳು ಜನರೂ ಮರಕ್ಕೇ ಹಾಕಿದರೋ? ಇದು ಹೊಳೆಯುವ ಹೊತ್ತಿಗೆ ಅಜ್ಜಿ ತೀರಿಹೋಗಿದ್ದರು. ಆ ನೋಟ್‌ಬುಕ್ ತೆಗೆದಾಗಲೆಲ್ಲ ಈಗಲೂ ಸಂಕಟವಾಗುತ್ತದೆ.

ಅದಕ್ಕೇ ಹೇಳುತ್ತೇನೆ. ಅವರ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆಯಿರಿ. ಪುಟದ ಎಡಗಡೆ ಅವರ ಮಾತು, ಬಲಗಡೆ ನಿಮಗೆ ಅರ್ಥವಾದದ್ದು. ಎರಡನ್ನೂ ಬೆರೆಸಬೇಡಿ. ಮನೆಗೆ ಬಂದು ಓದಿ, ಅನುಮಾನ ಬಂದದ್ದಕ್ಕೆ ಗೀಟು ಹಾಕಿ, ವಾರದೊಳಗೆ ಮತ್ತೆ ಹೋಗಿ ಕೇಳಿ.

ರೆಕಾರ್ಡ್ ಮಾಡುವಾಗ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಮೊದಲು ನೀವೇ ತಾರೀಕು, ಊರು, ಯಾರ ಜೊತೆ ಮಾತು ಅಂತ ಹೇಳಿ. ಅದೇ ರಾತ್ರಿ ಇನ್ನೊಂದು ಕಡೆ ಕಾಪಿ ಮಾಡಿಡಿ.

4. ವರ್ಷ ಹಿಡಿಯುವುದು

‘ಯಾವ ಇಸವಿ’ ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಊರಿನ ದೊಡ್ಡ ಘಟನೆಗಳನ್ನು ಗೂಟದ ಹಾಗೆ ನೆಟ್ಟುಕೊಳ್ಳಿ. ಗಾಂಧೀಜಿ ಶಿವಮೊಗ್ಗಕ್ಕೆ ಬಂದದ್ದು 1927. ಈಸೂರು 1942. ಕಾಗೋಡು 1951. ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿದ್ದು 1957. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ 1964. ಗೇಣಿದಾರರು ಜಮೀನಿನ ಹಕ್ಕು ಕೇಳಿ ಡಿಕ್ಲರೇಷನ್ ಹಾಕಿದ್ದು 1974ರ ಭೂಸುಧಾರಣೆ ಬಂದ ಮೇಲೆ. ‘ಮುಳುಗಡೆಗೆ ಮೊದಲೋ ಆಮೇಲೋ?’ ಅಂದರೆ ತಕ್ಷಣ ಉತ್ತರ ಬರುತ್ತದೆ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆಯೂ ಒಳ್ಳೆಯ ಅಳತೆ.

ಮುಳುಗಡೆಯ ಮಾತು ಬಂದಾಗ ಸ್ವಲ್ಪ ಹೆಚ್ಚು ಹೊತ್ತು ಕೂತಿರಿ. ಪರಿಹಾರದ ಪಟ್ಟಿ ಸಾಮಾನ್ಯವಾಗಿ ಯಜಮಾನನ ಹೆಸರಿನಲ್ಲಿ. ಆದರೆ ಬಾವಿ ಎಲ್ಲಿತ್ತು, ಯಾವ ಮನೆಯ ಹಿತ್ತಲಲ್ಲಿ ಯಾವ ಹಲಸು ಇತ್ತು, ಹೊರಡುವ ದಿನ ಒಲೆಯ ಬೂದಿಯನ್ನು ಏನು ಮಾಡಿದರು ಅನ್ನುವುದೆಲ್ಲ ಹೆಂಗಸರ ನೆನಪಿನಲ್ಲಿದೆ.

5. ವೋಟಿನ ಕತೆಯನ್ನು ಬೇರೆಯಾಗಿ ಕೇಳಿ

ಹೆಂಗಸರಿಗೆ ಮತದಾನದ ಹಕ್ಕು ತಾನಾಗಿ ಬಂದು ಬೀಳಲಿಲ್ಲ. 1917ರ ಡಿಸೆಂಬರ್‌ನಲ್ಲಿ ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ಹೆಂಗಸರ ನಿಯೋಗವೊಂದು ಮದ್ರಾಸಿನಲ್ಲಿ ಬ್ರಿಟಿಷ್ ಸರಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಮತದ ಹಕ್ಕು ಕೇಳಿತು. ಮದ್ರಾಸು ಮತ್ತು ಮುಂಬೈ ಪ್ರಾಂತ್ಯಗಳಲ್ಲಿ 1921ರಲ್ಲಿ ದಾರಿ ತೆರೆಯಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1923ರ ಕಾನೂನು ಪ್ರಜಾಪ್ರತಿನಿಧಿ ಸಭೆಗೆ ಹೆಂಗಸರೂ ಮತ ಹಾಕಬಹುದು ಅಂದಿತು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸು ಶಾಸನ ಸಭೆಗೆ ನಿಂತು ಸ್ವಲ್ಪದರಲ್ಲಿ ಸೋತರು.

ಆದರೆ ಆಗ ಮತ ಇದ್ದದ್ದು ಆಸ್ತಿ, ಕಂದಾಯ, ಓದು ಇದ್ದವರಿಗೆ. ಗೇಣಿ ಗದ್ದೆಯ ಹೆಂಗಸಿಗೆ ಇವು ಯಾವುವೂ ಇರಲಿಲ್ಲ. ಅವಳಿಗೆ ಮತ ಸಿಕ್ಕಿದ್ದು ಸಂವಿಧಾನ ಬಂದ ಮೇಲೆ. ಅಲ್ಲೂ ಹೆಸರಿನದ್ದೇ ತೊಡಕು. ಮೊದಲ ಮತದಾರರ ಪಟ್ಟಿ ಮಾಡುವಾಗ ದೇಶದಲ್ಲಿ ಬಹಳಷ್ಟು ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಅಂತಲೇ ಬರೆಸಿದ್ದರು. ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಸುಮಾರು 28 ಲಕ್ಷ ಜನ ಸ್ವಂತ ಹೆಸರು ಕೊಡದೆ ಪಟ್ಟಿಯಿಂದ ಹೊರಗುಳಿದರು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಇದನ್ನು ಓದಿದ ದಿನ ನನಗೆ ಆ ‘ಹೆಣ್ಣಾಳು 4’ ನೆನಪಾಯಿತು.

ಆಗ ಮತ ಹಾಕಲು 21 ತುಂಬಿರಬೇಕಿತ್ತು. ಹಾಗಾಗಿ 1952ರಲ್ಲಿ ವೋಟು ಹಾಕಿದವರಿಗೆ ಈಗ 95 ದಾಟಿದೆ. ಇದ್ದರೆ ನಾಳೆಯೇ ಹೋಗಿ. ಇಲ್ಲದಿದ್ದರೆ ಅವರ ಸೊಸೆಯರನ್ನು ಕೇಳಿ. ನಿಮ್ಮ ಅತ್ತೆ ಬೂತಿಗೆ ಯಾರ ಜೊತೆ ಹೋಗುತ್ತಿದ್ದರು? ಕೇರಿಯ ಹೆಂಗಸರನ್ನು ಒಟ್ಟು ಮಾಡುತ್ತಿದ್ದವರು ಯಾರು? ಹಳ್ಳಿಯಲ್ಲಿ ಮತದ ಹಕ್ಕಿಗಾಗಿ ದುಡಿದವರು ಅಂದರೆ ಮೆರವಣಿಗೆ ಮಾಡಿದವರೇ ಆಗಬೇಕಿಲ್ಲ. ಎಲ್ಲರ ಮನೆಗೆ ಹೋಗಿ ‘ಬಾರೆ ಹೋಗಣ’ ಅಂದವಳೂ ಅದನ್ನೇ ಮಾಡಿದಳು.

ಇನ್ನೊಂದು ಗುಂಪಿದೆ. ಅವರು ಈಗಲೂ ನಮ್ಮ ನಡುವೆ ಇದ್ದಾರೆ, ಆದರೂ ಯಾರೂ ಕೇಳುತ್ತಿಲ್ಲ. ಕರ್ನಾಟಕದಲ್ಲಿ 1983ರ ಕಾನೂನಿನಡಿ 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಾಗ ಶೇ. 25ರಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ದೇಶಕ್ಕೆಲ್ಲ ಇಂಥ ಮೀಸಲಾತಿ ಬರುವುದಕ್ಕೂ ಮೊದಲಿನ ಮಾತು. ಆಗ ಸದಸ್ಯೆಯಾದವರಿಗೆ ಈಗ ಅರವತ್ತರಿಂದ ಎಂಬತ್ತು. ಮೊದಲ ಮೀಟಿಂಗಿನಲ್ಲಿ ಎಲ್ಲಿ ಕೂತರು, ಕುರ್ಚಿ ಕೊಟ್ಟರಾ, ಮೊದಲು ಕೇಳಿದ್ದು ಏನು? ಬೋರ್‌ವೆಲ್ಲಾ, ಕಾಲುಸಂಕವಾ? ನಡಾವಳಿ ಪುಸ್ತಕ ಉಳಿದಿದ್ದರೆ ಅವರ ಸಹಿ ಅಥವಾ ಹೆಬ್ಬೆಟ್ಟು ಅದರಲ್ಲಿರುತ್ತದೆ. ಯಾವ ಮಾತಿನ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರು ಅನ್ನುವುದನ್ನು ಅವರಿಗೆ ಓದಿ ಹೇಳಿ ನೋಡಿ.

6. ಕಾಗದ ನೋಡುವುದು

ಮೊದಲು ಹಳೆಯ ಸರಕಾರಿ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರ್ ನೋಡಿ. ಶಾಲೆಗೆ ಸೇರಿದ ಮೊದಲ ಹುಡುಗಿಯರ ಹೆಸರು ಅಲ್ಲಿರುತ್ತದೆ. ಶಾಲೆ ಬಿಟ್ಟದ್ದಕ್ಕೆ ಕಾರಣ ಬರೆದಿದ್ದರೆ ಅದನ್ನೂ ನೋಡಿ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಬೇಕಾದಷ್ಟನ್ನು ಕೈಯಲ್ಲಿ ಬರೆದುಕೊಳ್ಳಿ.

ಆಮೇಲೆ ಭೂ ನ್ಯಾಯಮಂಡಳಿಯ ಕಡತಗಳು. ಗೇಣಿದಾರರ ಆ ಡಿಕ್ಲರೇಷನ್, ಅಂದರೆ ಏಳನೇ ನಮೂನೆಯ ಅರ್ಜಿ, ಹೆಚ್ಚಾಗಿ ಗಂಡಸರ ಹೆಸರಿನಲ್ಲಿರುತ್ತದೆ. ಆದರೆ ಗಂಡ ಸತ್ತ ಮೇಲೆ ಗೇಣಿ ಮಾಡಿಕೊಂಡು ಬಂದವರು ತಾವೇ ಅರ್ಜಿ ಹಾಕಿ ಹೇಳಿಕೆ ಕೊಟ್ಟದ್ದೂ ಇದೆ. ಓದು ಬರದ ಹೆಂಗಸಿನ ಮಾತು ಸರಕಾರಿ ಕಾಗದದಲ್ಲಿ ಸಿಗುವ ಅಪರೂಪದ ಜಾಗ ಇದು. ತಾಲೂಕು ಕಚೇರಿಯಲ್ಲಿ ಕೇಳಿ. ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಸರ್ವೆ ನಂಬರ್ ಮೊದಲೇ ತಿಳಿದುಕೊಂಡು ಹೋದರೆ ಅರ್ಧ ಕೆಲಸ ಆದ ಹಾಗೆ.

7. ಕಲ್ಲನ್ನೂ ಓದಿ

ಶಿಕಾರಿಪುರ ತಾಲೂಕಿನ ಬಂದಳಿಕೆಗೆ ಹೋಗಿದ್ದೀರಾ? ಹತ್ತನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತು ಅನ್ನುವ ನಾಡನ್ನು ನೋಡಿಕೊಂಡವಳು ಜಕ್ಕಿಯಬ್ಬೆ. ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ, ಆಗಿದ್ದ ಗಂಡ ತೀರಿಕೊಂಡಾಗ ಆ ಅಧಿಕಾರ ಅವಳಿಗೆ ಬಂತು. ಕಾಯಿಲೆ ಬಿದ್ದಾಗ ಮಗಳನ್ನು ಕರೆದು ಜವಾಬ್ದಾರಿ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ (ಉಪವಾಸವಿದ್ದು ಪ್ರಾಣ ಬಿಡುವ ಜೈನ ವ್ರತ) ತೆಗೆದುಕೊಂಡಳು. ಶಾಸನ ಇದನ್ನೆಲ್ಲ ಹೇಳುತ್ತದೆ. ಹೊಸನಗರ ತಾಲೂಕಿನ ಹುಂಚದಲ್ಲಿ ಚಟ್ಟಲದೇವಿ ಇದ್ದಾಳೆ. ಗಂಡನನ್ನೂ ಮಗನನ್ನೂ ಕಳೆದುಕೊಂಡು, ತೀರಿಹೋದ ತಂಗಿಯ ಮಕ್ಕಳನ್ನು ಸಾಕಿ, 1077ರಲ್ಲಿ ಪಂಚಕೂಟ ಬಸದಿ ಕಟ್ಟಿಸಿದವಳು. ಇಬ್ಬರೂ ನಮ್ಮ ಜಿಲ್ಲೆಯವರೇ.

ನಿಮ್ಮೂರಿನ ಶಾಸನ ಹುಡುಕಲು ಶಾಸನಗಳನ್ನು ಒಟ್ಟು ಮಾಡಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ 7 ಮತ್ತು 8ನೇ ಸಂಪುಟ ನೋಡಿ. ಶಿವಮೊಗ್ಗ, ಶಿಕಾರಿಪುರ 7ರಲ್ಲಿ. ಸೊರಬ, ಸಾಗರ, ನಗರ (ಈಗಿನ ಹೊಸನಗರ ತಾಲೂಕು), ತೀರ್ಥಹಳ್ಳಿ 8ರಲ್ಲಿ. ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಹಳಗನ್ನಡ ಪೂರ್ತಿ ಬರದಿದ್ದರೂ ಅಬ್ಬೆ, ಅರಸಿ, ದೇವಿ, ಗಾವುಂಡಿ ಅಂತ ಮುಗಿಯುವ ಹೆಸರುಗಳಿಗೆ ಪೆನ್ಸಿಲ್ ಗುರುತು ಹಾಕುತ್ತಾ ಹೋಗಿ. ಕಲ್ಲಿಗೆ ಎಣ್ಣೆ, ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ. ಇಳಿಬಿಸಿಲಿನಲ್ಲಿ ಪಕ್ಕದಿಂದ ಬೆಳಕು ಬಿದ್ದಾಗ ಫೋಟೋ ತೆಗೆದರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ.

ಮಾಸ್ತಿಗಲ್ಲಿನ ಬಗ್ಗೆ ಒಂದು ಮಾತು. ಕಂಬದಿಂದ ಮೇಲಕ್ಕೆ ಮಡಚಿದ ಕೈ, ತುಂಬಾ ಬಳೆ, ಬೆರಳ ನಡುವೆ ನಿಂಬೆಹಣ್ಣು. ಗಂಡನ ಚಿತೆ ಏರಿದವಳ ಕಲ್ಲು ಅದು. ಬಳೆಯನ್ನು ಅಷ್ಟು ಚಂದ ಕೆತ್ತಿದವರು ಎಷ್ಟೋ ಕಡೆ ಅವಳ ಹೆಸರು ಕೆತ್ತಿಲ್ಲ. ಅವಳ ಸಾವನ್ನು ಹೊಗಳಿ ಬರೆಯಬೇಡಿ. ಕಲ್ಲು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಊರಲ್ಲಿ ಅವಳ ಬಗ್ಗೆ ಏನು ಹೇಳುತ್ತಾರೆ ಅನ್ನುವುದಷ್ಟನ್ನೇ ಬರೆಯಿರಿ.

8. ತಾಳೆ ನೋಡಿ, ಆಮೇಲೆ ಊರಿಗೆ ವಾಪಸ್ ಕೊಡಿ

ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮಾತಿನಿಂದಲೋ ಕಾಗದದಿಂದಲೋ ತಾಳೆ ನೋಡಿ. ಪ್ರೀತಿಯಿಂದ ಕತೆ ದೊಡ್ಡದು ಮಾಡಬೇಡಿ. ಸತ್ಯಾಗ್ರಹಿಗಳಿಗೆ ಗಂಜಿ ಬೇಯಿಸಿದವಳನ್ನು ನಾಯಕಿ ಅಂತ ಬರೆಯುವುದು ಬೇಡ. ಗಂಜಿ ಬೇಯಿಸಿದಳು ಅಂತಲೇ ಬರೆಯಿರಿ. ಎಷ್ಟು ಜನಕ್ಕೆ, ಎಷ್ಟು ದಿನ, ಅಕ್ಕಿ ಎಲ್ಲಿಂದ ಬಂತು ಅಂತ ಬರೆಯಿರಿ. ಅದೇ ಸಾಕಷ್ಟು ದೊಡ್ಡದು. ‘ಇದನ್ನು ಬರೀಬೇಡ’ ಅಂದದ್ದನ್ನು ಬರೆಯಬೇಡಿ, ಎಷ್ಟೇ ಮುಖ್ಯ ಅನಿಸಿದರೂ.

ಪುಟ ಸಿದ್ಧವಾದ ಮೇಲೆ ಮೊದಲು ಆ ಮನೆಗೇ ತೆಗೆದುಕೊಂಡು ಹೋಗಿ ಗಟ್ಟಿಯಾಗಿ ಓದಿ. ಆಗ ಬರುವ ತಿದ್ದುಪಡಿಗಳೇ ಕೊನೆಯವು. ಒಂದು ಪ್ರತಿ ಮನೆಗೆ, ಒಂದು ಶಾಲೆಗೆ, ಒಂದು ಪಂಚಾಯಿತಿಯ ಅರಿವು ಕೇಂದ್ರಕ್ಕೆ (ಗ್ರಂಥಾಲಯಕ್ಕೆ) ಕೊಡಿ. ಐದಾರು ಪುಟ ಕೂಡಿದ ಮೇಲೆ ಗ್ರಾಮಸಭೆಯಲ್ಲಿ ಮಾತೆತ್ತಿ. ಆಗಸ್ಟ್ 15ರಂದು ಬಾವುಟ ಹಾರಿಸಿದ ಮೇಲೆ ಈ ಹೆಸರುಗಳನ್ನೂ ಓದಬೇಕು ಅಂತ ಅರ್ಜಿ ಕೊಡಿ. ಅರ್ಜಿಯನ್ನು ಕೇರಿಯ ಹೆಂಗಸರೇ ಕೊಟ್ಟರೆ ಇನ್ನೂ ಒಳ್ಳೆಯದು.

ಕಳೆದ ಬಾರಿ ನಾನು ಹೀಗೆ ಓದಿ ಮುಗಿಸಿದಾಗ ಎಂಬತ್ತು ದಾಟಿದ ಒಬ್ಬರು ಹಾಳೆಯನ್ನು ಕೈಗೆ ತೆಗೆದುಕೊಂಡರು. ಅವರಿಗೆ ಓದಲು ಬರುವುದಿಲ್ಲ. ‘ಇದ್ರಲ್ಲಿ ನನ್ನ ಹೆಸರು ಯಾವುದು, ತೋರ್ಸು’ ಅಂದರು. ತೋರಿಸಿದೆ. ಅಡಿಕೆ ಸುಲಿದು ಕಪ್ಪಾದ ಬೆರಳನ್ನು ಅದರ ಮೇಲೆ ಇಟ್ಟು, ‘ಇದು ಗಂಡನ ಮನೇಲಿ ಇಟ್ಟಿದ್ದು. ನನ್ನಮ್ಮ ಇಟ್ಟ ಹೆಸರು ಬೇರೆ. ಅದನ್ನೂ ಪಕ್ಕಕ್ಕೆ ಬರಿ’ ಅಂದರು.